ಸರ್ಕಾರ "ಹೊರಡಿ" ಅಂದ್ರೂ ಹೊರಡದ ಬಂದೂಕು ಕಂಪನಿಗಳು: ತಡೆಯೋ ಶಕ್ತಿ ಯಾರಿಗಿದೆ?

ಮಸಿಕುಡಿಕೆ:
ಎರಡು ದಿನದಿಂದ ಒಂದು ವಿಷಯ ತಲೆ ಕೊರೀತಿದೆ. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

2007ರ ಸೆಪ್ಟೆಂಬರ್ 16, ಬಾಗ್ದಾದಿನ ನಿಸೂರ್ ಚೌಕ. ಅಮೆರಿಕದ ವಿದೇಶಾಂಗ ಇಲಾಖೆಗೆ ಬೆಂಗಾವಲು ಕೊಡ್ತಿದ್ದ ಬ್ಲ್ಯಾಕ್‌ವಾಟರ್ ಅನ್ನೋ ಖಾಸಗಿ ಕಂಪನಿಯ ಕಾವಲುಗಾರರು ವಾಹನಗಳ ನಡುವೆ ಗುಂಡು ಹಾರಿಸಿ 17 ನಾಗರಿಕರನ್ನ ಕೊಂದರು. ಮಾರನೇ ದಿನ ಇರಾಕಿನ ಒಳಾಡಳಿತ ಸಚಿವಾಲಯ ಲೈಸೆನ್ಸ್ ರದ್ದು ಅಂತ ಘೋಷಿಸ್ತು. ಪ್ರಧಾನಿ ನೂರಿ ಅಲ್ ಮಾಲಿಕಿ ಕೂಡ ಖಂಡಿಸಿದ್ರು. ಸರಿ, ಹೊರಟರಾ? ಎಲ್ಲಿ! ವಾರ ತುಂಬೋ ಮೊದಲೇ ಅದೇ ಕಂಪನಿಯ ಗಾಡಿಗಳು ಮತ್ತೆ ಬೀದಿಗಿಳಿದವು. 2008ರ ಏಪ್ರಿಲ್‌ನಲ್ಲಿ ಅಮೆರಿಕ ಗುತ್ತಿಗೆಯನ್ನ ಇನ್ನೊಂದು ವರ್ಷ ಮುಂದುವರಿಸ್ತು.

ಚುನಾಯಿತ ಸರ್ಕಾರ, ತನ್ನದೇ ರಾಜಧಾನಿ, ಸತ್ತವರು ತನ್ನದೇ ಪ್ರಜೆಗಳು. ಆದ್ರೂ ಒಂದು ಕಂಪನಿಯನ್ನ ಆಚೆ ಕಳಿಸೋಕೆ ಆಗಲಿಲ್ಲ ಅಂದ್ರೆ ಹೇಗೆ?

ಗೂಬೆಕಣ್ಣು:
ದುಡ್ಡು. ಚರ್ಚೆ ಮುಗೀತು, ಎಲ್ಲರೂ ಮಲಗಿ.

ಲಾ_ಪಾಯಿಂಟು:
ದುಡ್ಡಿಗೂ ಮೊದಲು ಒಂದು ಕಾಗದ ಇದೆ ಗೂಬೆಕಣ್ಣು ಅವರೇ, ಏಳಿ.

ಸದ್ದಾಂ ಬಿದ್ದ ಮೇಲೆ ಇರಾಕನ್ನ ಆಳಿದ್ದು ಪಾಲ್ ಬ್ರೆಮರ್ ನೇತೃತ್ವದ ಮೈತ್ರಿಕೂಟದ ತಾತ್ಕಾಲಿಕ ಆಡಳಿತ. ಅದು ನೂರು ಆದೇಶ ಹೊರಡಿಸಿತ್ತು, ಅದರಲ್ಲಿ 17ನೆಯದು ಇಲ್ಲಿ ಮುಖ್ಯ. ವಿದೇಶಿ ಗುತ್ತಿಗೆದಾರರು ಗುತ್ತಿಗೆ ಕೆಲಸದ ಭಾಗವಾಗಿ ಏನೇ ಮಾಡಿದ್ರೂ ಇರಾಕಿನ ನ್ಯಾಯಾಲಯ ಮುಟ್ಟೋ ಹಾಗಿಲ್ಲ ಅನ್ನೋದು ಅದರ ಸಾರ. ಈ ಆದೇಶದ ಪರಿಷ್ಕೃತ ರೂಪಕ್ಕೆ ಬ್ರೆಮರ್ ಸಹಿ ಹಾಕಿದ್ದು ಯಾವತ್ತು ಗೊತ್ತಾ? 2004ರ ಜೂನ್ 27ಕ್ಕೆ. ಅಧಿಕಾರ ಇರಾಕಿಗಳ ಕೈಗೆ ಹೋಗಿದ್ದು ಜೂನ್ 28ಕ್ಕೆ. ಮನೆ ಖಾಲಿ ಮಾಡೋ ಹಿಂದಿನ ದಿನ ಬೀಗ ಬದಲಾಯಿಸಿ, ಕೀಲಿ ಜೇಬಿಗಿಳಿಸಿ, ಯಜಮಾನನ ಕೈ ಕುಲುಕಿ ಹೋದ ಹಾಗಾಯ್ತು.

ಹಾಗಾಗಿ 2007ರಲ್ಲಿ ಮಾಲಿಕಿ ಸರ್ಕಾರಕ್ಕೆ ಕೂಗಾಡೋ ಹಕ್ಕಿತ್ತು, ಬಂಧಿಸೋ ಹಕ್ಕಿರಲಿಲ್ಲ.

ಮಸಿಕುಡಿಕೆ:
ಒಂದು ದಿನ ಮುಂಚೆ!! ಇದು ನನಗೆ ಗೊತ್ತೇ ಇರಲಿಲ್ಲ. ಆದ್ರೆ ಲೈಸೆನ್ಸ್ ಕೊಡೋದಾದ್ರೂ ಇರಾಕ್ ಸಚಿವಾಲಯವೇ ತಾನೆ?

ಲಾ_ಪಾಯಿಂಟು:
ಹೌದು, ನೋಂದಣಿ ಒಳಾಡಳಿತ ಸಚಿವಾಲಯದಲ್ಲೇ. ಆದ್ರೆ ರಾಯಭಾರ ಕಚೇರಿಯೇ "ಇವರು ನಮ್ಮವರು" ಅಂತ ಬೆನ್ನಿಗೆ ನಿಂತಾಗ ನೋಂದಣಿ ಪುಸ್ತಕ ಯಾರು ಕೇಳ್ತಾರೆ? ಬ್ಲ್ಯಾಕ್‌ವಾಟರ್ ಹತ್ರ ಆ ಹೊತ್ತಿಗೆ ಊರ್ಜಿತ ಲೈಸೆನ್ಸೇ ಇರಲಿಲ್ಲ ಅಂತ ಆಗಲೇ ವರದಿಯಾಗಿತ್ತು. ಇಲ್ಲದ್ದನ್ನ ರದ್ದು ಮಾಡಿದ್ರು ಪಾಪ.

ಎದುರುವಾದಿ:
ನಾನೊಂದು ಅಪಥ್ಯದ ಮಾತು ಹೇಳ್ತೀನಿ, ಬೈಯ್ಯೋರು ಬೈಯ್ರಿ. 2007ರ ಬಾಗ್ದಾದಿನಲ್ಲಿ ಆ ರಾಯಭಾರಿಗಳನ್ನ ಯಾರು ಕಾಯಬೇಕಿತ್ತು? ಇರಾಕಿ ಪೊಲೀಸರಾ? ಆ ಪೊಲೀಸ್ ಪಡೆಯೊಳಗೇ ಖಾಸಗಿ ಸಶಸ್ತ್ರ ಗುಂಪುಗಳ ಜನ ಸೇರಿಕೊಂಡಿದ್ರು. ಬ್ಲ್ಯಾಕ್‌ವಾಟರ್ ಯಜಮಾನ ಎರಿಕ್ ಪ್ರಿನ್ಸ್ ಅಮೆರಿಕದ ಸಂಸತ್ ಸಮಿತಿ ಮುಂದೆ ಹೇಳಿದ್ದೇ ಅದನ್ನ, ನಮ್ಮ ಕಾವಲಿನಲ್ಲಿದ್ದ ಒಬ್ಬರೂ ಸತ್ತಿಲ್ಲ ಅಂತ. ಕೆಲಸ ಆಗಬೇಕು ಅಂದ್ರೆ ಆಗೋ ಕಡೆಗೆ ಹೋಗ್ತಾರೆ. "ಹೊರಡಿ" ಅಂದ ಸರ್ಕಾರ ಬದಲಿ ಏನು ಕೊಡ್ತು?

ತರ್ಕಶ್ರೀ:
ಎದುರುವಾದಿ ಸರ್, ಅದೇ ಸಮಿತಿ ಮುಂದೆ ಇಟ್ಟಿದ್ದ ಲೆಕ್ಕವನ್ನೂ ಹೇಳಿಬಿಡಿ, ಅರ್ಧಕ್ಕೇ ನಿಲ್ಲಿಸಬೇಡಿ. 2005ರಿಂದ ಆವರೆಗೆ ಆ ಕಂಪನಿಯವರು ಗುಂಡು ಹಾರಿಸಿದ ಪ್ರಕರಣ 195. ಅದರಲ್ಲಿ 163ರಲ್ಲಿ ಮೊದಲ ಗುಂಡು ಇವರದ್ದೇ. ಒಬ್ಬ ಕಾವಲುಗಾರನಿಗೆ ಸರ್ಕಾರಕ್ಕೆ ಹಾಕ್ತಿದ್ದ ಬಿಲ್ಲು ದಿನಕ್ಕೆ 1,222 ಡಾಲರ್.

ಒಳಗಿದ್ದವನು ಸಾಯಲಿಲ್ಲ ಅನ್ನೋದು ಕಂಪನಿಯ ಲೆಕ್ಕ. ಹೊರಗಿದ್ದವನು ಸತ್ತ ಅನ್ನೋದು ಸರ್ಕಾರದ ಲೆಕ್ಕ. ಸರ್ಕಾರಕ್ಕೆ ವೋಟು ಹಾಕೋನು ಹೊರಗಿದ್ದವನು.

ಹಳೇಬೂಟು:
ಸೇನೆಯಲ್ಲಿ 17 ವರ್ಷ ಇದ್ದು ಬಂದವನು ನಾನು, ಇಂಥ ಯುದ್ಧಕ್ಕೆ ಹೋಗಿಲ್ಲ. ಆದ್ರೂ ಒಂದು ಮಾತು.

ಸಮವಸ್ತ್ರದವನು ತಪ್ಪು ಮಾಡಿದ್ರೆ ಮೇಲೊಬ್ಬ ಅಧಿಕಾರಿ ಇರ್ತಾನೆ, ಕೋರ್ಟ್ ಮಾರ್ಷಲ್ ಇರುತ್ತೆ. ನ್ಯಾಯ ಸಿಕ್ಕೇ ಸಿಗುತ್ತೆ ಅಂತಲ್ಲ, ಆದ್ರೆ ಯಾರನ್ನ ಕೇಳಬೇಕು ಅನ್ನೋದಾದ್ರೂ ಗೊತ್ತಿರುತ್ತೆ. ಇವರ ವಿಷಯದಲ್ಲಿ ಅದಿಲ್ಲ. ಇನ್ನೊಂದು ತೊಂದರೆ, ಬೀದಿಯಲ್ಲಿರೋ ಜನಕ್ಕೆ ಇಬ್ಬರೂ ಒಂದೇ. ಕಪ್ಪು ಕನ್ನಡಕ, ಬಂದೂಕು, ಇಂಗ್ಲಿಷ್ ಬೈಗುಳ. ಕಂಪನಿಯವನು ಬೆಳಿಗ್ಗೆ ಹಾರಿಸಿ ಹೋದ ಗುಂಡಿಗೆ ಸಂಜೆ ಗಸ್ತಿಗೆ ಹೋದ ಸಿಪಾಯಿ ಬೆಲೆ ಕಟ್ಟಬೇಕು.

ಇರಾಕಿನ ಫಲೂಜಾ ನಗರ ನೆನಪಿದೆಯಾ? 2004ರ ಮಾರ್ಚ್ 31. ಬ್ಲ್ಯಾಕ್‌ವಾಟರ್‌ನ ನಾಲ್ವರನ್ನ ಕೊಂದು ಸುಟ್ಟು, ಇಬ್ಬರ ಶವವನ್ನ ಸೇತುವೆಗೆ ನೇತುಹಾಕಿದ್ರು. ಆ ಪ್ರದೇಶದ ಹೊಣೆ ಹೊತ್ತಿದ್ದ ಮರೀನ್ ಪಡೆಗೆ ಇವರು ಆ ದಾರೀಲಿ ಹೋಗ್ತಿರೋ ಸುದ್ದಿಯೇ ಇರಲಿಲ್ಲ. ಆಮೇಲೆ ಊರ ಮೇಲೆ ದಾಳಿಗೆ ಇಳಿಯಬೇಕಾಗಿದ್ದು ಅದೇ ಮರೀನ್‌ಗಳು. ಸೈನ್ಯಕ್ಕೂ ಇವರ ಮೇಲೆ ಪ್ರೀತಿ ಇತ್ತು ಅಂದುಕೋಬೇಡಿ.

ಬೆಂಕಿಪೊಟ್ಣ:
ಬಾಡಿಗೆ ಸೈನ್ಯ ಇಟ್ಕೊಂಡು ದೇಶ ಆಳೋದು ಹೊಸದಾ? ಕಂಪನಿ ಸರ್ಕಾರ ಅಂತ ನಮ್ಮಲ್ಲಿ ಹೆಸರೇ ಇತ್ತಲ್ಲ.

ಗೂಬೆಕಣ್ಣು:
ಶುರುವಾಯ್ತು. ಇನ್ನು ಇಪ್ಪತ್ತು ಕಾಮೆಂಟು ಪ್ಲಾಸಿ ಕದನ.

ನಿರ್ವಾಹಕ:
ಆಗಲ್ಲ. ಅದಕ್ಕೆ ಬೇರೆ ಎಳೆ ಇದೆ. ಬೆಂಕಿಪೊಟ್ಣ ಅವರೇ, ಅಲ್ಲಿಗೆ ಬನ್ನಿ.

ತಟ್ಟೆಲೋಟ:
ನಾನು ಇಲ್ಲಿ ಸುಮ್ನೆ ಓದೋನು, ಇವತ್ತು ಬರೀತೀನಿ. 2005-06ರಲ್ಲಿ ಇರಾಕಿನ ಒಂದು ಅಮೆರಿಕನ್ ಕ್ಯಾಂಪಿನ ಊಟದ ಹಾಲಿನಲ್ಲಿ ಕೆಲಸ ಮಾಡಿದ್ದೆ. ಗುತ್ತಿಗೆಯ ಕೆಳಗೆ ಗುತ್ತಿಗೆ, ಅದರ ಕೆಳಗೆ ಇನ್ನೊಂದು. ನನ್ನ ಸಂಬಳ ಕೊಡ್ತಿದ್ದ ಕಂಪನಿ ಹೆಸರು ನನಗೇ ಆರು ತಿಂಗಳು ಸರಿಯಾಗಿ ಗೊತ್ತಿರಲಿಲ್ಲ. ಇಲ್ಲೂ ಬರೆಯಲ್ಲ.

"ಗುತ್ತಿಗೆದಾರರು" ಅಂದ ತಕ್ಷಣ ಎಲ್ಲರೂ ಬಂದೂಕಿನವರನ್ನೇ ನೆನೆಸ್ಕೋತಾರೆ. ನಮ್ಮಂಥವರೇ ಜಾಸ್ತಿ ಸ್ವಾಮಿ. ಅಡುಗೆ, ಬಟ್ಟೆ ಒಗೆಯೋದು, ಲಾರಿ, ಕಕ್ಕಸು ತೊಳೆಯೋದು. ಬಂದೂಕಿನವರ ಹಾಲು ಬೇರೆ, ಸಂಬಳ ಬೇರೆ, ನಡಿಗೆಯೇ ಬೇರೆ. ಒಂದೆರಡು ಸಲ ಅವರ ಬೆಂಗಾವಲಿನಲ್ಲಿ ರಸ್ತೆ ಪ್ರಯಾಣ ಮಾಡಿದೀನಿ. ಎದುರಿಗೆ ಬರೋ ಕಾರುಗಳು ತಾವಾಗೇ ರಸ್ತೆ ಬಿಟ್ಟು ಮಣ್ಣಿಗಿಳೀತಿದ್ವು. ಹಿಂದಿನ ಗಾಡಿಗೆ ಒಂದು ಬೋರ್ಡು, ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ, ನೂರು ಮೀಟರ್ ದೂರ ಇರಿ, ಇಲ್ಲದಿದ್ರೆ ಗುಂಡು ಹಾರಿಸ್ತೀವಿ ಅಂತ.

ನಮ್ಮ ಜೊತೆ ಪಾತ್ರೆ ತೊಳೀತಿದ್ದ ಒಬ್ಬ ಇರಾಕಿ ಹುಡುಗನನ್ನ ಕೇಳಿದ್ದೆ, ಯಾರ ಮೇಲೆ ಭಯ ಜಾಸ್ತಿ ಅಂತ. ಸೈನಿಕರು ಬಂದ್ರೆ ನಿಲ್ತೀವಿ, ಇವರು ಬಂದ್ರೆ ಮಾಯ ಆಗ್ತೀವಿ ಅಂದ.

ತರ್ಕಶ್ರೀ:
ತಟ್ಟೆಲೋಟ ಅವರ ಮಾತಿಗೆ ಅಂಕಿಯ ಒತ್ತಾಸೆ: ಅಮೆರಿಕದ ಸಂಸತ್ತಿನ ಬಜೆಟ್ ಕಚೇರಿ 2008ರಲ್ಲಿ ಹೇಳಿದ ಪ್ರಕಾರ ಇರಾಕ್ ಮತ್ತು ಸುತ್ತಲಿನ ದೇಶಗಳಲ್ಲಿ ಕನಿಷ್ಠ 1,90,000 ಗುತ್ತಿಗೆ ಕೆಲಸಗಾರರಿದ್ದರು, ಅಂದ್ರೆ ಸುಮಾರು ಒಬ್ಬ ಸೈನಿಕನಿಗೆ ಒಬ್ಬ. ಅದರಲ್ಲಿ ಭದ್ರತಾ ಕಂಪನಿಗಳ ಜನ 25ರಿಂದ 30 ಸಾವಿರ. ಸರ್ಕಾರದ ಜಗಳ ಇದ್ದದ್ದು ಆ ಸಣ್ಣ ಪಾಲಿನ ಜೊತೆ.

ಕಡತ_ಕರಿಯ:
ನಿಸೂರ್ ಮೊದಲನೇದೇನಲ್ಲ. 2006ರ ಕ್ರಿಸ್‌ಮಸ್ ಹಿಂದಿನ ರಾತ್ರಿ, ಬಾಗ್ದಾದಿನ ಬಿಗಿ ಕಾವಲಿನ ಸರ್ಕಾರಿ ಪ್ರದೇಶವಾದ ಹಸಿರು ವಲಯದ ಒಳಗೇ, ಕುಡಿದಿದ್ದ ಬ್ಲ್ಯಾಕ್‌ವಾಟರ್ ನೌಕರನೊಬ್ಬ ಇರಾಕಿನ ಉಪರಾಷ್ಟ್ರಪತಿ ಆದಿಲ್ ಅಬ್ದುಲ್ ಮಹದಿಯವರ ಅಂಗರಕ್ಷಕನನ್ನ ಗುಂಡಿಟ್ಟು ಕೊಂದ. ಎರಡು ದಿನದೊಳಗೆ ಅವನು ವಿಮಾನ ಹತ್ತಿ ಅಮೆರಿಕ ಸೇರಿದ್ದ. ಉಪರಾಷ್ಟ್ರಪತಿಯ ಮನೆ ಕಾವಲುಗಾರನ ಕೇಸೇ ಹೀಗಾದ್ರೆ ಚೌಕದಲ್ಲಿ ಕಾರು ಓಡಿಸ್ತಿದ್ದವನ ಗತಿ ಏನು?

ಬಿಸಿತುಪ್ಪ:
ನನ್ನ ಹೆಸರಿಗೆ ತಕ್ಕ ಉದಾಹರಣೆ ಕೊಡ್ತೀನಿ. ಅಫ್ಘಾನಿಸ್ತಾನದ ಆಗಿನ ಅಧ್ಯಕ್ಷ ಹಮೀದ್ ಕರ್ಜಾಯ್.

2010ರ ಆಗಸ್ಟ್‌ನಲ್ಲಿ ಕರ್ಜಾಯ್ ಫರ್ಮಾನು ಹೊರಡಿಸಿದ್ರು, ನಾಲ್ಕು ತಿಂಗಳಲ್ಲಿ ಅಫ್ಘಾನಿಸ್ತಾನದ ಎಲ್ಲ ಖಾಸಗಿ ಭದ್ರತಾ ಕಂಪನಿಗಳೂ ಮುಚ್ಚಬೇಕು ಅಂತ. ಐವತ್ತು ಚಿಲ್ಲರೆ ನೋಂದಾಯಿತ ಕಂಪನಿಗಳು, ಹತ್ತಾರು ಸಾವಿರ ಕಾವಲುಗಾರರು. ಇವು ಪೊಲೀಸಿಗೆ ಸಮಾನಾಂತರ ವ್ಯವಸ್ಥೆ ಆಗಿವೆ ಅನ್ನೋದು ಅವರ ವಾದ. ತಕ್ಷಣ ನೆರವು ಸಂಸ್ಥೆಗಳು, ರಸ್ತೆ-ಅಣೆಕಟ್ಟು ಕಟ್ಟೋರು ಎಲ್ಲ "ಹಾಗಿದ್ರೆ ನಾವೂ ಗಂಟುಮೂಟೆ ಕಟ್ತೀವಿ" ಅಂದ್ರು. ಮೊದಲು ರಾಯಭಾರ ಕಚೇರಿಗಳಿಗೆ ವಿನಾಯಿತಿ, ಆಮೇಲೆ ಯೋಜನೆಗಳಿಗೆ ಗಡುವು ವಿಸ್ತರಣೆ, 2012ರ ಮಾರ್ಚ್ ತನಕ ಎಳೀತು. ಬದಲಿಗೆ ಒಳಾಡಳಿತ ಸಚಿವಾಲಯದ ಕೆಳಗೆ ಸಾರ್ವಜನಿಕ ರಕ್ಷಣಾ ಪಡೆ ಅಂತ ಮಾಡಿದ್ರು. ಅದು ನೆಟ್ಟಗೆ ಕಾಲೂರಲಿಲ್ಲ, ಎರಡು ವರ್ಷ ಕಳೆಯೋದ್ರೊಳಗೆ ಅದನ್ನೂ ಬಿಚ್ಚಿದ್ರು.

ಎದುರುವಾದಿ:
ನಾನು ಕೇಳಿದ್ದು ಇದನ್ನೇ. ಬದಲಿ ಏನು? ಉತ್ತರ ಸಿಕ್ತಲ್ಲ.

ಬಿಸಿತುಪ್ಪ:
ಇರಿ ಸರ್, ಮುಗಿಸಿಲ್ಲ. ಅಲ್ಲಿನ ಕಾವಲುಗಾರರಲ್ಲಿ ಬಹುಪಾಲು ಅಫ್ಘನ್ನರೇ. ಕಂಪನಿಗಳ ಹಿಂದೆ ಇದ್ದದ್ದು ಅಲ್ಲಿನ ಯುದ್ಧದಣಿಗಳು (ಸ್ವಂತ ಪಡೆ ಸಾಕಿಕೊಂಡ ಬಲಾಢ್ಯರು), ಕೆಲವು ಕಡೆ ಅಧಿಕಾರಸ್ಥರ ನೆಂಟರು. ಕರ್ಜಾಯ್ ಬಳಗದ ಕಡೆಗೂ ಬೆರಳು ತೋರಿಸಿದ್ರು. 2010ರ ಜೂನ್‌ನಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿ ಒಂದು ವರದಿ ಕೊಟ್ಟಿತು. ಸೇನೆಗೆ ಸರಕು ಸಾಗಿಸೋ 216 ಕೋಟಿ ಡಾಲರ್ ಗುತ್ತಿಗೆಯಲ್ಲಿ ಲಾರಿ ಕಂಪನಿಗಳು ದಾರಿಯುದ್ದಕ್ಕೂ ಯುದ್ಧದಣಿಗಳಿಗೆ ರಕ್ಷಣೆ ಹೆಸರಲ್ಲಿ ಹಣ ಕಟ್ತಿವೆ, ಅದರಲ್ಲಿ ತಾಲಿಬಾನಿಗೂ ಪಾಲು ಹೋಗ್ತಿರಬಹುದು ಅಂತ. ಬೇಲಿಯೇ ಎದ್ದು ಹೊಲ ಮೇಯೋದು ಅಂತೀವಲ್ಲ, ಇಲ್ಲಿ ಬೇಲಿ ಮೇಯೋದಷ್ಟೇ ಅಲ್ಲ, ಪಕ್ಕದ ಹೊಲದ ಗೂಳಿಗೂ ಹುಲ್ಲು ಹಾಕ್ತಿತ್ತು.

ಹಾಗಾಗಿ ಕರ್ಜಾಯ್ ವಿರೋಧದಲ್ಲಿ ಎಷ್ಟು ಸ್ವಾಭಿಮಾನ, ಎಷ್ಟು "ಆ ದುಡ್ಡು ನನ್ನ ಸಚಿವಾಲಯದ ಮೂಲಕ ಹೋಗಲಿ" ಅನ್ನೋ ಲೆಕ್ಕ, ಬೇರ್ಪಡಿಸೋದು ಕಷ್ಟ. ನನ್ನ ಅಂದಾಜು ಅರ್ಧರ್ಧ.

ಮಸಿಕುಡಿಕೆ:
ಅಂದ್ರೆ ವಿರೋಧಿಸೋ ಸರ್ಕಾರವೂ ಶುದ್ಧ ಅಲ್ಲ, ಹಾಗಾ?

ಹಳೇಬೂಟು:
ಶುದ್ಧ ಇರಬೇಕು ಅಂತ ಯಾವ ಕಾನೂನು? ಕಳ್ಳನ ಮನೆಗೆ ಕಳ್ಳ ನುಗ್ಗಿದ್ರೂ ದೂರು ಕೊಡೋ ಹಕ್ಕಿದೆ.

ಸಂಜೆಮಲ್ಲಿಗೆ:
ನೀವೆಲ್ಲ "ಸ್ಥಳೀಯ ಸರ್ಕಾರ" ಅಂದ್ರೆ ದೇಶದ ಸರ್ಕಾರ ಅಂತ ಹಿಡ್ಕೊಂಡಿದೀರಿ. ನಾನು ನಿಜವಾದ ಸ್ಥಳೀಯ ಸರ್ಕಾರದ ಕಥೆ ಹೇಳ್ಲಾ? ಅದೂ ಅಮೆರಿಕದ್ದೇ.

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಥರ) ಮೆಕ್ಸಿಕೊ ಗಡಿ ಹತ್ರ ಪೊಟ್ರೆರೊ ಅಂತ ಒಂದು ಹಳ್ಳಿ. ಸಾವಿರ ಜನವೂ ಇಲ್ಲ. ಬ್ಲ್ಯಾಕ್‌ವಾಟರ್ ಅಲ್ಲಿ 824 ಎಕರೆಯಲ್ಲಿ ತರಬೇತಿ ಶಿಬಿರ ಮಾಡೋಕೆ ಹೊರಟಿತ್ತು. ಊರಿನ ಯೋಜನಾ ಮಂಡಳಿ 2006ರ ಕೊನೆಯಲ್ಲಿ ಒಮ್ಮತದಿಂದ ಸೈ ಅಂದುಬಿಡ್ತು. ಆಮೇಲೆ ಜನಕ್ಕೆ ಗೊತ್ತಾಗಿ ರೊಚ್ಚಿಗೆದ್ದರು. 2007ರ ಡಿಸೆಂಬರ್‌ನಲ್ಲಿ ಮತ ಹಾಕಿ ಪರವಾಗಿದ್ದ ಐದು ಸದಸ್ಯರನ್ನ ಕುರ್ಚಿಯಿಂದ ಇಳಿಸಿದ್ರು! 2008ರ ಮಾರ್ಚ್‌ನಲ್ಲಿ ಕಂಪನಿ ಯೋಜನೆ ವಾಪಸ್ ತಗೊಂಡಿತು. ಗುಂಡಿನ ಸದ್ದು ಕೌಂಟಿಯ ಮಿತಿಯೊಳಗೆ ನಿಲ್ತಿಲ್ಲ ಅನ್ನೋ ಕಾರಣ ಕೊಟ್ಟು.

ಗೂಬೆಕಣ್ಣು:
ಬಾಗ್ದಾದಿನ ಪ್ರಧಾನಿಗೆ ಆಗದ್ದು ಸಾವಿರ ಜನರ ಹಳ್ಳಿಗೆ ಆಯ್ತು. ಶಬ್ದ ಮಾಲಿನ್ಯದ ನಿಯಮ ಇಟ್ಕೊಂಡು. ಎದ್ದು ಕೂತೆ.

ಲಾ_ಪಾಯಿಂಟು:
ಸಂಭ್ರಮ ಸ್ವಲ್ಪ ತಡೀರಿ. ಆ ಯೋಜನಾ ಮಂಡಳಿಗೆ ಸಲಹೆ ಕೊಡೋ ಅಧಿಕಾರ ಮಾತ್ರ, ಅಂತಿಮ ತೀರ್ಮಾನ ಕೌಂಟಿಯದ್ದು. ಅದೇ ವರ್ಷ ಅದೇ ಕಂಪನಿ ಸ್ಯಾನ್ ಡಿಯೇಗೊ ನಗರದ ಓಟೈ ಮೇಸಾದಲ್ಲಿ ಒಂದು ಗೋದಾಮಿನೊಳಗೆ ತರಬೇತಿ ಕೇಂದ್ರ ತೆಗೀತು. ನಗರಾಡಳಿತ ತಡೆಯೋಕೆ ಹೋಯ್ತು, ಕಂಪನಿ ಫೆಡರಲ್ ನ್ಯಾಯಾಲಯಕ್ಕೆ ಹೋಗಿ ಗೆದ್ದು ಬಾಗಿಲು ತೆರೀತು. ಆದ್ರೆ ನೋಡಿ, ಸೋತಿದ್ದೂ ಗೆದ್ದಿದ್ದೂ ಅಲ್ಲಿನ ನ್ಯಾಯಾಲಯದಲ್ಲೇ. ಇರಾಕಿಗೆ ಆ ಬಾಗಿಲೇ ಮುಚ್ಚಿತ್ತು.

ಬೆಂಕಿಪೊಟ್ಣ:
ನನ್ನನ್ನ ಓಡಿಸಿದ್ರಿ, ಮತ್ತೆ ಬಂದೆ. ಪಪುವಾ ನ್ಯೂಗಿನಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಕಂಪನಿಯನ್ನ ನಿಜವಾಗ್ಲೂ ಒದ್ದೋಡಿಸಿದ ದೇಶ ಅದು.

1997. ಬೋಗನ್‌ವಿಲ್ ದ್ವೀಪದಲ್ಲಿ ಬಂಡಾಯ, ಪಂಗುನಾ ತಾಮ್ರದ ಗಣಿ ಮುಚ್ಚಿ ವರ್ಷಗಳಾಗಿತ್ತು. ಪ್ರಧಾನಿ ಜೂಲಿಯಸ್ ಚಾನ್ ಸ್ಯಾಂಡ್‌ಲೈನ್ ಅನ್ನೋ ಬ್ರಿಟಿಷ್ ಕಂಪನಿಗೆ 3.6 ಕೋಟಿ ಡಾಲರ್‌ಗೆ ಯುದ್ಧ ಗುತ್ತಿಗೆ ಕೊಟ್ರು. ಇದನ್ನ ವಿರೋಧಿಸಿದ್ದು ಯಾರು? ಅದೇ ದೇಶದ ಸೇನಾ ಮುಖ್ಯಸ್ಥ ಜೆರ್ರಿ ಸಿಂಗಿರೋಕ್. ತನ್ನ ಸಿಪಾಯಿಗಳಿಗೆ ಸರಿಯಾಗಿ ಬೂಟು ಬಟ್ಟೆಗೂ ಕಾಸಿಲ್ಲದಾಗ ಹೊರಗಿನವರಿಗೆ ಇಷ್ಟು ದುಡ್ಡಾ ಅನ್ನೋ ಸಿಟ್ಟು. ಕಾರ್ಯಾಚರಣೆಗೆ ಇಟ್ಟ ಹೆಸರು "ರೌಸಿಮ್ ಕ್ವಿಕ್", ಅಲ್ಲಿನ ಟೋಕ್ ಪಿಸಿನ್ ಭಾಷೇಲಿ "ಬೇಗ ಓಡಿಸಿ" ಅಂತ. ಬಂದಿದ್ದ ಬಾಡಿಗೆ ಸೈನಿಕರನ್ನ ಹಿಡಿದು ಗಡಿಪಾರು ಮಾಡಿದ್ರು, ಜನ ಬೀದಿಗಿಳಿದ್ರು, ಚಾನ್ ಕುರ್ಚಿ ಬಿಟ್ಟು ಸರಿದ್ರು, ಆ ವರ್ಷದ ಚುನಾವಣೇಲಿ ಸೋತ್ರು.

ಹಳೇಬೂಟು:
ಇದು ನನಗೆ ಇಷ್ಟ ಆಯ್ತು. ಆದ್ರೆ ಸೇನಾ ಮುಖ್ಯಸ್ಥ ಪ್ರಧಾನಿಗೆ "ಕೆಳಗಿಳಿ" ಅನ್ನೋದನ್ನ ಹೊಗಳೋಕೆ ನನಗೆ ಧೈರ್ಯ ಇಲ್ಲ.

ಬೆಂಕಿಪೊಟ್ಣ:
ಒಪ್ತೀನಿ ಸಾರ್. ಇನ್ನೂ ಕೇಳಿ: ಬಾಕಿ ಹಣ ಕೊಡಿ ಅಂತ ಸ್ಯಾಂಡ್‌ಲೈನ್ ಮಧ್ಯಸ್ಥಿಕೆಗೆ ಹೋಯ್ತು. 1998ರಲ್ಲಿ ಕಂಪನಿಯೇ ಗೆದ್ದು, 1.8 ಕೋಟಿ ಡಾಲರ್ ಕಟ್ಟಿ ಅಂತ ತೀರ್ಪಾಯ್ತು. ಓಡಿಸೋದಕ್ಕೂ ಒಂದು ರೇಟು.

ಕಡತ_ಕರಿಯ:
ಹಾಗಾದ್ರೆ ಉಲ್ಟಾ ಉದಾಹರಣೆ ಪಶ್ಚಿಮ ಆಫ್ರಿಕಾದ ಮಾಲಿ ದೇಶ. 2021ರ ಕೊನೆಗೆ ಅಲ್ಲಿನ ಸೇನಾಡಳಿತ ರಷ್ಯಾದ ವಾಗ್ನರ್ ಅನ್ನೋ ಬಾಡಿಗೆ ಪಡೆಯನ್ನ ತಾನೇ ಕರೆಸಿಕೊಂಡಿತು. 2022ರ ಮಾರ್ಚ್‌ನಲ್ಲಿ ಮೂರಾ ಅನ್ನೋ ಊರಿನಲ್ಲಿ ಮಾಲಿ ಸೈನಿಕರೂ ವಿದೇಶಿ ಬಂದೂಕುಧಾರಿಗಳೂ ಸೇರಿ ಕನಿಷ್ಠ 500 ಜನರನ್ನ ಕೊಂದರು ಅಂತ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2023ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಸರ್ಕಾರ ಅದನ್ನ ತಳ್ಳಿಹಾಕ್ತು. ಮುಂದಿನ ತಿಂಗಳು "ಹೊರಡಿ" ಅಂದಿದ್ದು ಯಾರಿಗೆ? ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ! 2023ರ ಡಿಸೆಂಬರ್ ಹೊತ್ತಿಗೆ ಅವರು ಹೊರಟೂ ಹೋದ್ರು. ವಾಗ್ನರ್ ಉಳೀತು. 2025ರಲ್ಲಿ ವಾಗ್ನರ್ ಹೋಗ್ತೀವಿ ಅಂದಾಗ ಅದರ ಜಾಗಕ್ಕೆ ರಷ್ಯಾ ರಕ್ಷಣಾ ಸಚಿವಾಲಯದ ಆಫ್ರಿಕಾ ಕೋರ್ ಬಂತು.

ಎದುರುವಾದಿ:
ಆ ಹೊರಡಿಸಿದ ಪಡೆ ಹಗಲೂ ರಾತ್ರಿ ವರದಿ ಬರೀತಿತ್ತು. ಬಾಡಿಗೆಯವನು ವರದಿ ಬರೆಯಲ್ಲ. ಅಷ್ಟೇ ವ್ಯತ್ಯಾಸ.

ತರ್ಕಶ್ರೀ:
ಮೊದಲ ಸಲ ನಿಮ್ಮ ಮಾತು ಒಪ್ತೀನಿ ಎದುರುವಾದಿ ಸರ್. ದಿನಾಂಕ ಬರೆದಿಟ್ಕೊಳ್ಳಿ.

ನಿದ್ದೆಗೆಟ್ಟವ:
ಇವರೆಲ್ಲ ಬಾಡಿಗೆ ಸೈನಿಕರೇ ತಾನೆ, ಬಾಡಿಗೆ ಸೈನ್ಯ ಅಂತರರಾಷ್ಟ್ರೀಯ ಕಾನೂನಿನಲ್ಲಿ ನಿಷೇಧ ಅಲ್ವಾ? ಆ ಕಲಂ ಹಾಕಿದ್ರೆ ಮುಗೀತಲ್ಲ?

ಲಾ_ಪಾಯಿಂಟು:
ಅಷ್ಟು ಸುಲಭ ಆಗಿದ್ರೆ ನಮ್ಮಂಥವರಿಗೆ ಊಟ ಎಲ್ಲಿ? 1977ರ ಜಿನೀವಾ ಹೆಚ್ಚುವರಿ ಒಡಂಬಡಿಕೆಯ 47ನೇ ವಿಧಿ ಆರು ಷರತ್ತು ಹೇಳುತ್ತೆ, ಆರೂ ಒಟ್ಟಿಗೆ ಕೂಡಿದ್ರೆ ಮಾತ್ರ ಬಾಡಿಗೆ ಸೈನಿಕ. ಅದರಲ್ಲೊಂದು, ಯುದ್ಧದಲ್ಲಿರೋ ದೇಶದ ಪ್ರಜೆ ಆಗಿರಬಾರದು. ಇರಾಕಿನಲ್ಲಿ ಅಮೆರಿಕನ್ನನೊಬ್ಬ ಅಲ್ಲೇ ನುಣುಚಿಕೊಂಡ. ಇನ್ನೊಂದು, ನೇರವಾಗಿ ಕಾದಾಡೋಕೆ ನೇಮಕ ಆಗಿರಬೇಕು. "ನಾನು ಬೆಂಗಾವಲು ಮಾತ್ರ" ಅಂದ್ರೆ ಅಲ್ಲೂ ಪಾರು. ಖಾಸಗಿ ಸೇನಾ ಕಂಪನಿಗಳ ಕುರಿತ 2008ರ ಮೊಂಟ್ರೊ ದಾಖಲೆಗೆ ಒಪ್ಪಿದ ಮೊದಲ 17 ದೇಶಗಳಲ್ಲಿ ಇರಾಕ್, ಅಫ್ಘಾನಿಸ್ತಾನ ಎರಡೂ ಇವೆ, ಆದ್ರೆ ಅದು ಯಾರನ್ನೂ ಕಟ್ಟಿಹಾಕದ ಸದಾಚಾರದ ಪಟ್ಟಿ.

ಮಸಿಕುಡಿಕೆ:
ಹಾಗಾದ್ರೆ ಕೊನೆಗೆ ಇರಾಕ್ ಗೆಲ್ಲಲೇ ಇಲ್ವಾ?

ಲಾ_ಪಾಯಿಂಟು:
ಒಂದು ಸಲ ಗೆದ್ದಿತು. 2008ರಲ್ಲಿ ಅಮೆರಿಕನ್ ಸೈನ್ಯ ಉಳಿಯೋದಕ್ಕೆ ಇರಾಕಿನ ಸಹಿ ಬೇಕಿತ್ತು. ಆ ಮಾತುಕತೆಯಲ್ಲಿ ಇರಾಕಿಗಳು ಗುತ್ತಿಗೆದಾರರ ರಕ್ಷಾಕವಚ ತೆಗೀಬೇಕು ಅಂತ ಪಟ್ಟು ಹಿಡಿದ್ರು. 2009ರ ಜನವರಿ 1ರಿಂದ ಜಾರಿಗೆ ಬಂದ ಒಪ್ಪಂದದಲ್ಲಿ ಅದು ಸೇರ್ತು. ಅದೇ ತಿಂಗಳು ಬ್ಲ್ಯಾಕ್‌ವಾಟರ್‌ಗೆ ಲೈಸೆನ್ಸ್ ಇಲ್ಲ ಅಂದ್ರು, ಈ ಸಲ ಅಮೆರಿಕ ಗುತ್ತಿಗೆ ಬೇರೆ ಕಂಪನಿಗೆ ಕೊಡಲೇಬೇಕಾಯ್ತು. 2007ರಲ್ಲಿ ಕೂಗಾಡಿದ್ದು ಕೆಲಸ ಮಾಡಲಿಲ್ಲ, 2008ರಲ್ಲಿ ಸಹಿ ತಡೆಹಿಡಿದದ್ದು ಮಾಡ್ತು.

ಕಡತ_ಕರಿಯ:
ಗೆಲುವಿಗೆ ಸ್ವಲ್ಪ ಉಪ್ಪು ಹಾಕ್ತೀನಿ. ಹೊಸ ಕಂಪನಿ ಕೆಲಸಕ್ಕೆ ತಗೊಂಡಿದ್ದು ಬಹಳಷ್ಟು ಹಳೇ ಬ್ಲ್ಯಾಕ್‌ವಾಟರ್ ಜನರನ್ನೇ. ಬ್ಲ್ಯಾಕ್‌ವಾಟರ್ ತಾನೂ 2009ರಲ್ಲಿ ಹೆಸರು ಬದಲಿಸ್ಕೊಂಡು ಝೀ ಆಯ್ತು, 2011ರಲ್ಲಿ ಅಕಾಡೆಮಿ. 2009ರ ಡಿಸೆಂಬರ್ 31ಕ್ಕೆ ಅಮೆರಿಕದ ನ್ಯಾಯಾಧೀಶರು ನಿಸೂರ್ ಕೇಸನ್ನ ವಜಾ ಮಾಡಿದಾಗ ಇರಾಕ್ ಕೆಂಡವಾಗಿ, ಫೆಬ್ರವರಿಯಲ್ಲಿ ಸುಮಾರು 250 ಮಾಜಿ ಬ್ಲ್ಯಾಕ್‌ವಾಟರ್ ನೌಕರರಿಗೆ ಏಳು ದಿನದ ಗಡುವು ಕೊಡ್ತು. ಆಗ ಕಂಪನಿ ಬಿಟ್ಟು ಮನುಷ್ಯರನ್ನೇ ಹಿಡಿದರು.

ನಿದ್ದೆಗೆಟ್ಟವ:
ಗುಂಡು ಹಾರಿಸಿದವರಿಗೆ ಶಿಕ್ಷೆ?

ತರ್ಕಶ್ರೀ:
ಕೇಸು ಮೇಲ್ಮನವಿಯಲ್ಲಿ ಮತ್ತೆ ಜೀವ ಪಡೀತು. 2014ರಲ್ಲಿ ನಾಲ್ವರು ಅಪರಾಧಿಗಳು ಅಂತ ವಾಷಿಂಗ್ಟನ್ನಿನ ಜ್ಯೂರಿ ಹೇಳಿತು. ಸಾಕ್ಷಿ ಹೇಳೋಕೆ ಇರಾಕಿನಿಂದ ಹತ್ತಾರು ಜನ ಸಮುದ್ರ ದಾಟಿ ಬಂದಿದ್ರು. 2020ರ ಡಿಸೆಂಬರ್ 22ಕ್ಕೆ ಅಧ್ಯಕ್ಷ ಟ್ರಂಪ್ ನಾಲ್ವರಿಗೂ ಕ್ಷಮಾದಾನ ಕೊಟ್ರು.

ಗೂಬೆಕಣ್ಣು:
ಮತ್ತೆ ಮಲಗ್ತೀನಿ.

ಎದುರುವಾದಿ:
ಕ್ಷಮಾದಾನವನ್ನ ನಾನೂ ಸಮರ್ಥಿಸಲ್ಲ. ಅದು ಬರಹದಲ್ಲಿರಲಿ.

ಸಂಜೆಮಲ್ಲಿಗೆ:
ತಟ್ಟೆಲೋಟ ಅವರೇ, ಒಂದು ಕೇಳಬೇಕು ಅಂತ ಆಗಿನಿಂದ ಇದೆ. ಆ ನೂರು ಮೀಟರ್ ಬೋರ್ಡಿನ ಅಕ್ಷರ ಎಷ್ಟು ದೊಡ್ಡದಿತ್ತು?

ತಟ್ಟೆಲೋಟ:
ಒಂದು ಗೇಣು ಇರಬಹುದು ಮೇಡಂ, ಧೂಳು ಬೇರೆ ಮೆತ್ತಿರ್ತಿತ್ತು. ನಾನು ಒಳಗಿನವನು, ಕ್ಯಾಂಪಿನಲ್ಲಿ ನಿಂತಿದ್ದ ಗಾಡಿ ಹತ್ರ ಹೋಗಿ ಓದಿದ್ದೆ. ರಸ್ತೇಲಿ ಓದಬೇಕು ಅಂದ್ರೆ ಮೂವತ್ತು ನಲವತ್ತು ಮೀಟರಿಗೆ ಬರಬೇಕು.